ಮಳೆ ನಿಂತರೂ ಮರದ ಹನಿ: ಮಂಗನ ಕಾಯಿಲೆ ಮತ್ತು ಮರೆಯಬಾರದ ಎಚ್ಚರ



ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬುದು ಹಿರಿಯರ ಮಾತು. ಆಕಾಶ ತಿಳಿಯಾಯಿತೆಂದು ಕಂಬಳಿಕೊಪ್ಪೆಯನ್ನು ತೆಗೆದಿಟ್ಟು ಮರದಡಿಗೆ ನಡೆದವನ ತಲೆ ನೆನೆಯದೇ ಇರದು. ಸಾಂಕ್ರಾಮಿಕ ರೋಗಗಳ ವಿಷಯದಲ್ಲಿ ಈ ಮಾತು ಅಕ್ಷರಶಃ ಸತ್ಯ. 2020ರಲ್ಲಿ ಕೊರೋನಾ ವೈರಸ್ಸಿನ ಭಯದಿಂದ ಬಾಗಿಲು ಹಾಕಿಕೊಂಡ ಜಗತ್ತು ಮೂರೇ ವರ್ಷಗಳಲ್ಲಿ ಅದನ್ನು ಮರೆಯಲು ತವಕಿಸಿತು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು ತುರ್ತು ಪರಿಸ್ಥಿತಿ ಮುಗಿಯಿತೆಂದು ಮಾತ್ರ, ರೋಗ ಮುಗಿಯಿತೆಂದಲ್ಲ. ಈ ಎರಡರ ನಡುವಿನ ವ್ಯತ್ಯಾಸವನ್ನು ಗಮನಿಸಿದವರು ಕಡಿಮೆ. ವಯಸ್ಸಾದವರು, ಮೊದಲೇ ಬೇರೆ ಕಾಯಿಲೆಯಿಂದ ಬಳಲುತ್ತಿದ್ದವರು ಆ ಬಳಿಕವೂ ಸಂತೆಯಲ್ಲಿ ಮುಖಗವಸು ಹಾಕಿಕೊಂಡರೆ ಅವರನ್ನು ಅಂಜುಬುರುಕರೆಂದು ನಗುವವರೇ ಹೆಚ್ಚಾದರು.

ಆದರೆ ಈ ನಾಡಿಗೆ ಇಂಥ ಮರೆವು ಹೊಸದಲ್ಲ. ಅದರ ಬಹು ಹಳೆಯ ಪಾಠವೊಂದು ನೆರೆಯ ಜಿಲ್ಲೆಯ ಕಾಡಿನಲ್ಲಿಯೇ ಇದೆ. ಅದು ಮಂಗನ ಕಾಯಿಲೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಒಂದೇ ಸಮನೆ ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ಉಗ್ರವಾದ ಜ್ವರ ಬಂದಿತು. ಮಂಗಗಳು ಸತ್ತು ಮನುಷ್ಯರಿಗೂ ಜ್ವರ ಬರುತ್ತಿದ್ದುದನ್ನು ಕಂಡು, ಭಾರತದಲ್ಲಿ ಎಂದೂ ಕಾಣಿಸದ ಹಳದಿ ಜ್ವರ ಬಂದಿರಬಹುದೇ ಎಂದು ವಿಜ್ಞಾನಿಗಳು ಮೊದಲು ಶಂಕಿಸಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಅದು ಜಗತ್ತಿಗೇ ಹೊಸದಾದ ಒಂದು ವೈರಸ್ ಎಂದು ತಿಳಿಯಿತು. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್ಸಿಗೆ ಅದು ಬಂಧುವಾಗಿತ್ತು. ಹೀಗೆ ಮಲೆನಾಡಿನ ಒಂದು ಸಣ್ಣ ಕಾಡಿನ ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಜನರಿಗೂ ಇದಕ್ಕೂ ಏನು ಸಂಬಂಧವೆಂದು ಕೇಳಬಹುದು. 1957ರಲ್ಲಿ ಚನ್ನಗಿರಿಯೂ ಹೊನ್ನಾಳಿಯೂ ಕ್ಯಾಸನೂರು ಇದ್ದ ಶಿವಮೊಗ್ಗ ಜಿಲ್ಲೆಗೇ ಸೇರಿದ್ದವು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಅವು ಇತ್ತ ಬಂದವು. ಚಿತ್ರದುರ್ಗದಿಂದ ಜಗಳೂರು ಬಂದಿತು. ಅನಂತರ ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿ ತಾಲ್ಲೂಕಾಯಿತು. ಗೆರೆ ಬದಲಾದುದು ಕಂದಾಯದ ನಕ್ಷೆಯಲ್ಲಿ ಮಾತ್ರ. ನ್ಯಾಮತಿಯ ಪಕ್ಕ ಶಿಕಾರಿಪುರ, ಶಿಕಾರಿಪುರದ ಪಕ್ಕ ಸೊರಬ. ಚನ್ನಗಿರಿಯ ಉಬ್ರಾಣಿಯ ಕಾಡು ಭದ್ರಾವತಿಯ ದಿಕ್ಕಿಗೆ ಚಾಚಿಕೊಂಡಿದೆ. ಹೊನ್ನಾಳಿಯಲ್ಲಿ ಹರಿಯುವ ತುಂಗಭದ್ರೆ ಮಲೆನಾಡಿನ ನೀರನ್ನೇ ಹೊತ್ತು ತರುತ್ತಾಳೆ.

ಭೂಮಿಗಿಂತಲೂ ಗಟ್ಟಿಯಾದ ಸಂಬಂಧ ದುಡಿಮೆಯದು. ಅಡಿಕೆಯ ಕೊನೆ ಕೊಯ್ಲಿಗೆ, ಕಾಫಿ ಹಣ್ಣು ಕೀಳುವುದಕ್ಕೆ, ತೋಟದ ಕೆಲಸಕ್ಕೆ ಬಯಲುಸೀಮೆಯಿಂದ ಘಟ್ಟಕ್ಕೆ ಹೋಗಿಬರುವವರು ಎಂದಿನಿಂದಲೂ ಇದ್ದಾರೆ. ಮಳೆ ಕೈಕೊಟ್ಟ ವರ್ಷ ಜಗಳೂರಿನಂಥ ಒಣ ತಾಲ್ಲೂಕಿನವರಿಗೆ ಇದು ಹೊಟ್ಟೆಪಾಡಿನ ದಾರಿ. ಜಾತ್ರೆಗೆ, ಹರಕೆಗೆ, ಜಲಪಾತ ನೋಡಲು ಹೋಗುವವರು ಬೇರೆ. ಜಗಳೂರಿನ ಕುರುಚಲು ಕಾಡು ಮಲೆನಾಡಿನ ತೇವದ ಕಾಡಿನಂಥದಲ್ಲ ಎಂಬುದು ನಿಜ. ಆದರೆ ಕಾಡಿಗೆ ಹೋಗಿ ಬಂದ ಮನುಷ್ಯನ ಮೈಯಲ್ಲಿ ರೋಗ ಬಂದರೆ, ಅದನ್ನು ಗುರುತಿಸಬೇಕಾದವರು ಅವನ ಊರಿನವರೇ.

ರೋಗದ ನಡೆಯನ್ನು ಅರಿತರೆ ಮರೆವು ಏಕೆ ಅಪಾಯಕಾರಿ ಎಂಬುದು ತಾನಾಗಿಯೇ ತಿಳಿಯುತ್ತದೆ. ಹೆಸರಿನಲ್ಲಿ ಮಂಗ ಇದ್ದರೂ ಮಂಗ ಈ ರೋಗದ ಮೂಲವಲ್ಲ. ಅದು ಮನುಷ್ಯನಂತೆಯೇ ರೋಗಕ್ಕೆ ಬಲಿಯಾಗುವ ಜೀವ. ವೈರಸ್ ಉಳಿದುಕೊಳ್ಳುವುದು ಉಣುಗಿನಲ್ಲಿ, ಮತ್ತು ನೆಲದ ಮೇಲೆ ಓಡಾಡುವ ಕಾಡಿಲಿ, ಸುಂಡಿಲಿಗಳಂಥ ಸಣ್ಣ ಪ್ರಾಣಿಗಳಲ್ಲಿ. ಬಯಲುಸೀಮೆಯವರು ಉಣ್ಣೆ ಎಂದು ಕರೆಯುವ ಈ ಉಣುಗು ಮಳೆಗಾಲದಲ್ಲಿ ಬಲಿತು ದನಕರುಗಳ ರಕ್ತ ಹೀರಿ, ನೆಲಕ್ಕೆ ಬಿದ್ದು ಮೊಟ್ಟೆಯಿಡುತ್ತದೆ. ಮಳೆ ಕಳೆದ ಮೇಲೆ ಮರಿಗಳು ಹುಟ್ಟಿ, ನವೆಂಬರಿನಿಂದ ಮೇ ತಿಂಗಳವರೆಗೆ ಎಳೆಯ ಉಣುಗುಗಳು ತರಗೆಲೆಯ ಮೇಲೆ, ಹುಲ್ಲಿನ ತುದಿಯಲ್ಲಿ ಕಾದಿರುತ್ತವೆ. ಎಳ್ಳಿನಷ್ಟು ಸಣ್ಣದಾದ ಅವು ಮೈಗೆ ಹತ್ತಿದ್ದೇ ತಿಳಿಯುವುದಿಲ್ಲ. ಸೋಂಕು ತಗುಲಿದ ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳೆಲ್ಲ ಅಲ್ಲೇ ಉದುರಿ ಆ ಜಾಗ ಅಪಾಯದ ಕೇಂದ್ರವಾಗುತ್ತದೆ. ಅಡಿಕೆ ಕೊಯ್ಲು, ಸೌದೆ ತರುವುದು, ಕೊಟ್ಟಿಗೆಗೆ ದರಗು ಗುಡಿಸುವುದು, ಎಲ್ಲವೂ ಈ ತಿಂಗಳುಗಳಲ್ಲಿಯೇ ನಡೆಯುವುದು ದುರ್ದೈವ.

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಹಠಾತ್ತನೆ ಜ್ವರ, ಹಣೆಯಲ್ಲಿ ಸಹಿಸಲಾರದ ನೋವು, ಸೊಂಟ ಮತ್ತು ಕಾಲುಗಳಲ್ಲಿ ಸೆಳೆತ, ತೀವ್ರ ನಿತ್ರಾಣ ಕಾಣಿಸುತ್ತವೆ. ಕೆಲವರಿಗೆ ಮೂಗು, ವಸಡುಗಳಲ್ಲಿ ರಕ್ತ ಬರುತ್ತದೆ. ಇನ್ನು ಕೆಲವರಿಗೆ ಜ್ವರ ಬಿಟ್ಟು, ಗುಣವಾಯಿತೆಂದು ಗದ್ದೆಗೆ ಇಳಿದ ಒಂದೆರಡು ವಾರಗಳಲ್ಲಿ ಮತ್ತೆ ಜ್ವರ ಮರುಕಳಿಸಿ ಮೆದುಳಿಗೆ ತಗುಲುತ್ತದೆ. ರೋಗಕ್ಕೆ ತುತ್ತಾದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆಂದು ಸಾಮಾನ್ಯವಾಗಿ ಅಂದಾಜಿಸಲಾಗಿದೆ. ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲ. ಸಕಾಲದ ಆರೈಕೆಯೇ ಜೀವ ಉಳಿಸುವ ಉಪಾಯ.

ಈ ಅರವತ್ತು ಎಪ್ಪತ್ತು ವರ್ಷಗಳ ಚರಿತ್ರೆಯನ್ನು ನೋಡಿದರೆ ಒಂದೇ ಕಥೆ ಮರುಕಳಿಸುತ್ತದೆ. ಒಂದು ವರ್ಷ ರೋಗ ಉಲ್ಬಣಿಸುತ್ತದೆ; ಅಧಿಕಾರಿಗಳು, ಪತ್ರಕರ್ತರು, ಮಂತ್ರಿಗಳು ಬರುತ್ತಾರೆ. ಮರುವರ್ಷ ಸಂಖ್ಯೆ ಇಳಿಯುತ್ತದೆ, ಎಲ್ಲರೂ ಹೊರಟುಹೋಗುತ್ತಾರೆ. ವೈರಸ್ ಮಾತ್ರ ಎಲ್ಲಿಗೂ ಹೋಗುವುದಿಲ್ಲ. 1982ರ ಕೊನೆಯಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಗೇರು ತೋಟಕ್ಕಾಗಿ ದಟ್ಟ ಕಾಡನ್ನು ಕಡಿದ ಬಳಿಕ, ರೋಗ ಸ್ಫೋಟಿಸಿತು. ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ನೂರಕ್ಕೂ ಹೆಚ್ಚು ಮಂದಿ ಸತ್ತರು. 2012ರಲ್ಲಿ ಬಂಡೀಪುರದ ಕಾಡಿನಲ್ಲಿ, ಆಮೇಲೆ ನೀಲಗಿರಿ ಮತ್ತು ವಯನಾಡುಗಳಲ್ಲಿ, 2015ರಲ್ಲಿ ಗೋವೆಯಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ಅದು ಕಾಣಿಸಿತು. 2018ರ ಡಿಸೆಂಬರಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮತ್ತೆ ಉಲ್ಬಣಿಸಿ ಹಲವರನ್ನು ಬಲಿ ತೆಗೆದುಕೊಂಡಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಪ್ರತಿ ಸಲವೂ ಎಚ್ಚರ ಮೂಡಿದ್ದು ಸಾವಿನ ಅನಂತರ.

ಎಚ್ಚರಿಕೆಯನ್ನು ಕೈಬಿಟ್ಟವರನ್ನು ಬರಿದೇ ದೂಷಿಸುವುದು ನ್ಯಾಯವಲ್ಲ. ಅವರ ಕಾರಣಗಳು ನಿಜವಾದವು. ಮೈಗೆ ಹಚ್ಚಿಕೊಳ್ಳುವ ಎಣ್ಣೆ ಅಂಟುತ್ತದೆ, ಬೆವರಿನೊಡನೆ ಇಳಿದುಹೋಗುತ್ತದೆ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಬಾರಿ ಹಾಕಿಸಿಕೊಂಡು, ಆರೇಳು ತಿಂಗಳ ಬಳಿಕ ಮತ್ತೊಮ್ಮೆ, ಅನಂತರ ವರ್ಷಕ್ಕೊಮ್ಮೆ ಎಂದು ನೆನಪಿಟ್ಟುಕೊಳ್ಳಬೇಕಿತ್ತು. ಚುಚ್ಚಿದ ಕೈ ನೋಯುತ್ತಿತ್ತು, ಒಂದು ದಿನದ ಕೂಲಿ ಹೋಗುತ್ತಿತ್ತು. ಲಸಿಕೆ ಹಾಕಿಸಿಕೊಂಡವರಿಗೂ ರೋಗ ಬಂದಾಗ ನಂಬಿಕೆ ಕುಸಿಯಿತು. ಅದರ ಪರಿಣಾಮ ಸಾಲದೆಂದು ಕಂಡುಬಂದು 2022ರಲ್ಲಿ ಆ ಲಸಿಕೆಯ ಬಳಕೆಯೇ ನಿಂತಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೇತೃತ್ವದಲ್ಲಿ ಹೊಸ ಲಸಿಕೆಯ ಪ್ರಯತ್ನ ನಡೆದಿದೆ. ಅದು ಸಿದ್ಧವಾಗಿ ಹಳ್ಳಿಯ ಆಸ್ಪತ್ರೆಗೆ ಬರುವವರೆಗೆ, ಮನುಷ್ಯನ ಎಚ್ಚರವೊಂದೇ ಅವನ ಕವಚ. ಲಸಿಕೆ ಇದ್ದ ಕಾಲಕ್ಕಿಂತ ಇಲ್ಲದ ಕಾಲದಲ್ಲಿ ಎಚ್ಚರ ಹೆಚ್ಚಬೇಕಾಗಿತ್ತು, ಆದರೆ ಕಡಿಮೆಯಾಗುತ್ತಿದೆ.

ಇಂಥ ಸನ್ನಿವೇಶದಲ್ಲಿ ಕೂಲಿಯವರ ಗುಂಪಿನಲ್ಲಿ ಒಬ್ಬಾಕೆ ಮಾತ್ರ ಕೈಕಾಲಿಗೆ ಎಣ್ಣೆ ಸವರಿಕೊಂಡು, ಮೈತುಂಬ ಬಟ್ಟೆ ಹಾಕಿಕೊಂಡು ಹೊರಡುತ್ತಾಳೆಂದು ಭಾವಿಸಿ. ಸಂಜೆ ಬಂದವಳೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ತಿಕ್ಕಿ ಸ್ನಾನ ಮಾಡಿ, ಮಕ್ಕಳ ಕಿವಿಯ ಹಿಂದೆ, ಕಂಕುಳಲ್ಲಿ ಉಣುಗು ಇದೆಯೇ ಎಂದು ದೀಪ ಹಿಡಿದು ನೋಡುತ್ತಾಳೆ. ಉಳಿದವರು “ಹೋದ ವರ್ಷ ಯಾರಿಗೆ ಬಂತು? ಇವಳೊಬ್ಬಳಿಗೇ ಜೀವದ ಆಸೆ” ಎನ್ನುತ್ತಾರೆ. ಹೋದ ವರ್ಷ ಯಾರಿಗೂ ಬಾರದಿದ್ದುದು ಈ ವರ್ಷಕ್ಕೆ ಸಾಕ್ಷಿಯಲ್ಲ. ಮಂಗಗಳ ಸಂಖ್ಯೆ, ಮಳೆ, ಉಣುಗಿನ ಸಂತಾನ, ಜನರ ಓಡಾಟ, ಇವೆಲ್ಲ ಕೂಡಿದಾಗ ಮಾತ್ರ ರೋಗ ಊರಿಗೆ ಬರುತ್ತದೆ. ಕೂಡದ ವರ್ಷ ಕಾಡಿನೊಳಗೇ ಸುತ್ತುತ್ತದೆ. ಆಕೆ ಹೆದರಿದವಳಲ್ಲ. ಹೆದರಿದವರು ಕಾಡಿಗೆ ಹೋಗುವುದನ್ನೇ ಬಿಡುತ್ತಾರೆ. ಆಕೆ ದಿನವೂ ಹೋಗುತ್ತಾಳೆ, ಕಣ್ಣು ತೆರೆದುಕೊಂಡು ಹೋಗುತ್ತಾಳೆ. ನಗುವವರ ನಡುವೆ ನಾಚಿ ಆಕೆಯೂ ಎಣ್ಣೆಯ ಶೀಸೆಯನ್ನು ಮೂಲೆಗಿಟ್ಟರೆ, ಊರು ಕಳೆದುಕೊಳ್ಳುವುದು ತನ್ನ ಕೊನೆಯ ಕಾವಲನ್ನು.

ಆಕೆಯ ಎಚ್ಚರ ಒಬ್ಬಂಟಿಯದಾಗಬಾರದು. ಕೆಲಸಕ್ಕೆ ಕರೆಯುವ ತೋಟದ ಯಜಮಾನರು ಎಣ್ಣೆ, ಬೂಟು, ಸ್ನಾನದ ಬಿಸಿನೀರುಗಳನ್ನು ಕೂಲಿಯ ಜೊತೆಗೇ ಒದಗಿಸಬೇಕು. ಆರೋಗ್ಯ ಇಲಾಖೆ ಮಲೆನಾಡಿನ ಹಳ್ಳಿಗಳಲ್ಲಿ ಹಂಚುವ ಡೀಪಾ ಎಣ್ಣೆ ಘಟ್ಟಕ್ಕೆ ಹೊರಡುವ ಬಯಲುಸೀಮೆಯ ಕೂಲಿಗಾರರಿಗೂ ಸಿಗುವಂತೆ ಗ್ರಾಮ ಪಂಚಾಯಿತಿಗಳು ನವೆಂಬರಿಗೆ ಮೊದಲೇ ಕೇಳಬೇಕು. ಸತ್ತ ಮಂಗ ಕಂಡರೆ ಮುಟ್ಟದೆ, ಹೂಳದೆ, ಆಶಾ ಕಾರ್ಯಕರ್ತೆಗೋ ಅರಣ್ಯ ಸಿಬ್ಬಂದಿಗೋ ಪಂಚಾಯಿತಿಗೋ ತಿಳಿಸಬೇಕು. ಆ ಜಾಗಕ್ಕೆ ದನವನ್ನೂ ಮಕ್ಕಳನ್ನೂ ಬಿಡಬಾರದು.

ಈ ನಾಲ್ಕು ತಾಲ್ಲೂಕುಗಳವರು ಮುಖ್ಯವಾಗಿ ನೆನಪಿಡಬೇಕಾದುದು ಒಂದು ವಾಕ್ಯ. ಘಟ್ಟದಿಂದ ಮರಳಿದವರಿಗೆ ಎರಡು ವಾರದೊಳಗೆ ಜ್ವರ ಬಂದರೆ, ವೈದ್ಯರು ಕೇಳುವ ಮೊದಲೇ “ಮಲೆನಾಡಿನ ಕಾಡಿಗೆ ಹೋಗಿದ್ದೆ” ಎಂದು ಹೇಳಬೇಕು. ಜಗಳೂರಿನ ವೈದ್ಯರು ಆ ಜ್ವರವನ್ನು ಡೆಂಗಿಯೆಂದೋ ಟೈಫಾಯಿಡೆಂದೋ ಎಣಿಸುವುದು ಸಹಜ. ಆ ಒಂದು ವಾಕ್ಯ ಕೇಳಿದರೆ ಮಂಗನ ಕಾಯಿಲೆಯ ರಕ್ತಪರೀಕ್ಷೆಯ ಯೋಚನೆ ಬರುತ್ತದೆ. ಅಂಗಡಿಯಿಂದ ಸಿಕ್ಕ ನೋವಿನ ಮಾತ್ರೆ ನುಂಗಿ ಮಲಗುವುದು ಅಪಾಯ; ಕೆಲವು ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಹಾಗೆಯೇ, ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಜ್ವರ ಬಂದವನನ್ನು ದೂರವಿಡುವುದು, ಅವನ ಮನೆಗೆ ನೀರು ಕೊಡದಿರುವುದು ಅಜ್ಞಾನ ಮಾತ್ರವಲ್ಲ, ಅನ್ಯಾಯ. ದೂರವಿಡುವರೆಂಬ ಭಯದಿಂದಲೇ ಜನ ರೋಗವನ್ನು ಮುಚ್ಚಿಡುತ್ತಾರೆ.

ಪರಿಸರದ ಕಾಳಜಿಯುಳ್ಳವರು ಇನ್ನೊಂದು ಮಾತನ್ನು ಗಮನಿಸಬೇಕು. ರೋಗದ ಹೆಸರಿನಲ್ಲಿ ಮಂಗಗಳನ್ನು ಕೊಲ್ಲುವುದು, ಕಾಡಿಗೆ ಬೆಂಕಿಯಿಡುವುದು ಪರಿಹಾರವಲ್ಲ. ಸತ್ತ ಮಂಗ ಊರಿಗೆ ಸಿಗುವ ಮೊದಲ ಮುನ್ಸೂಚನೆ. ಕಾಡನ್ನು ತುಂಡುತುಂಡಾಗಿಸಿ ನಡುನಡುವೆ ತೋಟ, ಮೇವಿನ ಬಯಲು, ರಸ್ತೆಗಳನ್ನು ತುರುಕಿದಷ್ಟೂ ದನ, ಇಲಿ, ಮಂಗ, ಮನುಷ್ಯರು ಒಂದೇ ಅಂಚಿನಲ್ಲಿ ಸೇರುತ್ತಾರೆ; ಉಣುಗಿಗೆ ಬೇಕಾದುದೂ ಅದೇ ಅಂಚು. ಬೆಳ್ತಂಗಡಿ ಕಲಿಸಿದ ಪಾಠ ಇದು.

ವಿದ್ಯಾರ್ಥಿಗಳು ಈ ಕೆಲಸದಲ್ಲಿ ಬಹಳ ನೆರವಾಗಬಲ್ಲರು. ಪ್ರತಿ ಊರಿನಿಂದ ಯಾರು ಯಾವ ತಿಂಗಳು ಘಟ್ಟಕ್ಕೆ ಕೆಲಸಕ್ಕೆ ಹೋಗುತ್ತಾರೆಂಬುದು ಶಾಲೆಯ ಮಕ್ಕಳಿಗೆ ಗೊತ್ತಿರುತ್ತದೆ, ಏಕೆಂದರೆ ಹೋಗುವವರು ಅವರ ತಂದೆತಾಯಂದಿರೇ. ದೀಪಾವಳಿ ಕಳೆದು ಕೊಯ್ಲಿಗೆ ಹೊರಡುವ ಮುನ್ನ ಆ ಮನೆಗಳಿಗೆ ಹೋಗಿ ಹತ್ತು ನಿಮಿಷ ಮಾತನಾಡಿದರೆ ಸಾಕು. ರೈತನಿಗೆ ಬಿತ್ತನೆಯ ಕಾಲವನ್ನು ಯಾರೂ ಹೆದರಿಸಿ ನೆನಪಿಸುವುದಿಲ್ಲ. ಅದು ಅವನ ವರ್ಷದ ನಡೆಯಲ್ಲಿಯೇ ಇದೆ. ಉಣುಗಿನ ಕಾಲವೂ ಹಾಗೆಯೇ ಪಂಚಾಂಗದ ಒಂದು ಸಾಲಾಗಬೇಕು. ಆಗ ರೋಗ ಬಾರದ ವರ್ಷವೂ ಎಣ್ಣೆಯ ಶೀಸೆ ಬಾಗಿಲ ಬಳಿ ಇರುತ್ತದೆ, ಅದನ್ನು ಹಚ್ಚಿಕೊಂಡು ಹೊರಟವಳನ್ನು ನೋಡಿ ಯಾರೂ ನಗುವುದಿಲ್ಲ.