ಚಿತ್ರರಸಿಕನ ನಾಲ್ಕು ಮಾತು

ನಾನು ವಿಮರ್ಶಕನಲ್ಲ. ಟಿಕೀಟು ಕೊಂಡು ಕತ್ತಲಲ್ಲಿ ಕೂರುವ ಸಾಮಾನ್ಯ ಪ್ರೇಕ್ಷಕ. ಆದ್ದರಿಂದ ಕ್ಯಾಮರಾ ಎಲ್ಲಿತ್ತು, ಕತ್ತರಿ ಎಲ್ಲಿ ಬಿತ್ತು ಎಂದು ನನ್ನನ್ನು ಕೇಳಬೇಡಿ. ಮನೆಮಂದಿಯೊಡನೆ ಹೋಗಬಹುದೇ, ಹೋದರೆ ಕೊಟ್ಟ ಹಣಕ್ಕೆ ಮೋಸವಿಲ್ಲವೇ ಎಂಬಷ್ಟನ್ನು ಹೇಳಬಲ್ಲೆ.

ಹೆಬ್ಬಾಳ, ಯಲಹಂಕ, ಆರ್.ಟಿ. ನಗರದ ನಾವೆಲ್ಲ ಈಗ ಚಿತ್ರ ನೋಡುವುದು ಬಹುಮಟ್ಟಿಗೆ ಮಾಲುಗಳಲ್ಲಿ. ಸ್ಯಾಂಕಿ ರಸ್ತೆಯ ಕಾವೇರಿ ಚಿತ್ರಮಂದಿರ 1974ರಲ್ಲಿ ತೆರೆದು 2024ರಲ್ಲಿ ಮುಚ್ಚಿತು. ಅಲ್ಲಿದ್ದುದು ಒಂದೇ ತೆರೆ. ಆ ವಾರ ಯಾವ ಚಿತ್ರವಿತ್ತೋ ಅದನ್ನೇ ಎಲ್ಲರೂ ನೋಡಬೇಕಾಗಿತ್ತು. ಮಾಲಿನಲ್ಲಿ ತೆರೆಗಳು ಹಲವು. ಆದರೂ ಕನ್ನಡದ ಸಣ್ಣ ಚಿತ್ರಕ್ಕೆ ಸಿಗುವುದು ಬೆಳಗಿನ ತಿಂಡಿಯ ಹೊತ್ತಿಗೋ ರಾತ್ರಿ ಮಲಗುವ ಹೊತ್ತಿಗೋ ಒಂದು ಆಟ.

ಇತ್ತೀಚಿನ ಚಿತ್ರಗಳಲ್ಲಿ ನನಗೆ ಬಹಳ ಹಿಡಿಸಿದ್ದು 2025ರ ಜುಲೈ 25ರಂದು ಬಿಡುಗಡೆಯಾದ 'ಸು ಫ್ರಮ್ ಸೋ'. ಹೆಸರು ಕೇಳಿ ಹುಬ್ಬು ಗಂಟಿಕ್ಕಬೇಡಿ. ಸೋಮೇಶ್ವರದ ಸುಲೋಚನ ಎಂಬುದರ ಮೊಟಕು ರೂಪವದು. ಜೆ. ಪಿ. ತುಮಿನಾಡು ಬರೆದು, ನಿರ್ದೇಶಿಸಿ, ಮುಖ್ಯ ಪಾತ್ರವನ್ನೂ ತಾವೇ ವಹಿಸಿದ್ದಾರೆ. ಕರಾವಳಿಯ ಹಳ್ಳಿಯೊಂದರ ಅಶೋಕನೆಂಬ ಹುಡುಗನ ಮೈಮೇಲೆ ಸುಲೋಚನೆಯ ದೆವ್ವ ಬಂದಿದೆಯೆಂದು ಊರಿಗೆ ಊರೇ ನಂಬಿಬಿಡುತ್ತದೆ. ಆಮೇಲೆ ನಗುವೋ ನಗು. ಆ ನಗುವಿನ ಗುಟ್ಟು ಮಾತಿನ ಚಮತ್ಕಾರದಲ್ಲಿಲ್ಲ. ಕರೆಯದಿದ್ದರೂ ಪಕ್ಕದ ಮನೆಗೆ ನುಗ್ಗುವ ಜನ, ಒಬ್ಬನಿಗೆ ಬಂದ ಫಜೀತಿಯನ್ನು ಹತ್ತು ಮಂದಿ ಸೇರಿ ದೊಡ್ಡದು ಮಾಡುವ ಬಗೆ, ಇವೆಲ್ಲ ನಮಗೆ ಗೊತ್ತಿದ್ದದ್ದೇ. ಊರಿನ ಭಾರವನ್ನೆಲ್ಲ ಹೊತ್ತವನಂತೆ ಓಡಾಡುವ ರವಿಯಣ್ಣನ ಪಾತ್ರದಲ್ಲಿ ಶನೀಲ್ ಗೌತಮ್ ಅವರನ್ನು ನೋಡಿ; ಇಂಥವರೊಬ್ಬರು ನಿಮ್ಮ ಬೀದಿಯಲ್ಲಿಯೂ ಇದ್ದಾರು. ಮಂಗಳೂರಿನ ಕಡೆಯ ಮಾತು ಅರ್ಥವಾದೀತೇ ಎಂದು ನಮ್ಮ ಮನೆಯಲ್ಲಿ ಅನುಮಾನಪಟ್ಟರು. ಮೊದಲ ಹತ್ತು ನಿಮಿಷ ಕಿವಿಗೊಟ್ಟು ಕೂತರೆ ಆಮೇಲೆ ತೊಡಕಿಲ್ಲ. ಸುಲೋಚನೆಯ ಮಗಳ ಸಂಕಟ ಕಾಣಿಸಿಕೊಂಡ ಮೇಲೆ ಕಥೆ ಗಂಭೀರವಾಗುತ್ತದೆ. ಅಲ್ಲಿ ಸ್ವಲ್ಪ ಅವಸರವಾಯಿತೆಂಬುದೊಂದೇ ನನ್ನ ಆಕ್ಷೇಪಣೆ. ಇದರಲ್ಲಿ ಗುಂಪು ಸೇರಿಸುವ ಮಹಾತಾರೆಯಿರಲಿಲ್ಲ. ನೋಡಿದವರು ನೋಡದವರಿಗೆ ಹೇಳಿದರು. ಕೆಲವೇ ದಿನಗಳಲ್ಲಿ ಆಟಗಳು ಹೆಚ್ಚಿದವು.

ಅದೇ ವರ್ಷ ಅಕ್ಟೋಬರ್ 2ರಂದು ಬಂದ 'ಕಾಂತಾರ ಚಾಪ್ಟರ್ 1' ಬೇರೆಯೇ ಜಾತಿಯದು. ಕದಂಬರ ಕಾಲದ ಕಾಡು, ಅರಮನೆ, ದೈವ. ಅರವಿಂದ್ ಕಶ್ಯಪ್ ಅವರ ಛಾಯಾಗ್ರಹಣದಲ್ಲಿ ಕಾಡು ಕಣ್ತುಂಬುತ್ತದೆ; ರಿಷಬ್ ಶೆಟ್ಟಿಯವರು ಆವೇಶದ ದೃಶ್ಯಗಳಲ್ಲಿ ಮೈನವಿರೇಳಿಸುತ್ತಾರೆ. ಆದರೆ 2022ರ 'ಕಾಂತಾರ'ದಲ್ಲಿ ಉಸಿರಾಡಲು ಎಡೆಯಿತ್ತು. ಇಲ್ಲಿ ಕಾಳಗದ ಮೇಲೆ ಕಾಳಗ, ಸದ್ದಿನ ಮೇಲೆ ಸದ್ದು. ಹೊರಗೆ ಬಂದಾಗ ಹೆಬ್ಬಾಳದ ಮೇಲುಸೇತುವೆಯ ಗದ್ದಲವೇ ಹಿತವೆನಿಸಿತು.

ಟಿಕೀಟಿನ ದರದ ಮಾತನ್ನು ಎತ್ತದಿರಲಾರೆ. ತೆರಿಗೆ ಬಿಟ್ಟು 200 ರೂಪಾಯಿಗಿಂತ ಹೆಚ್ಚು ಪಡೆಯಕೂಡದೆಂದು ರಾಜ್ಯ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ನಿಯಮ ಮಾಡಿತು; ಅದೇ ತಿಂಗಳು ಉಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಮಾಲೀಕರಿಗೂ ಖರ್ಚುಗಳಿವೆ, ಒಪ್ಪುತ್ತೇನೆ. ಆದರೆ ಮನೆಯ ನಾಲ್ವರು ಹೊರಟರೆ ಟಿಕೀಟಿಗೇ ಸಾವಿರ ರೂಪಾಯಿ ದಾಟುವಾಗ, ಜನ ಹೆಸರಾದ ದೊಡ್ಡ ಚಿತ್ರವನ್ನೇ ಆರಿಸಿಕೊಳ್ಳುತ್ತಾರೆ. ಅಪರಿಚಿತ ಚಿತ್ರವನ್ನು ನೋಡೇಬಿಡೋಣವೆಂಬ ಧೈರ್ಯ ಯಾರಿಗೂ ಬಾರದು. ಹೊಟ್ಟೆಗೆ ಬೀಳುವ ಪೆಟ್ಟು ಸಣ್ಣ ಚಿತ್ರಕ್ಕೆ.

ಜೈಶಂಕರ್ ಆರ್ಯರ್ ಅವರ 'ಶಿವಮ್ಮ'ನನ್ನೇ ತೆಗೆದುಕೊಳ್ಳಿ. ಕೊಪ್ಪಳ ಸೀಮೆಯ ಯರೇಹಂಚಿನಾಳದಲ್ಲಿ, ಆ ಕಡೆಯ ಜನರಿಂದಲೇ ನಟನೆ ಮಾಡಿಸಿ ತೆಗೆದದ್ದು. ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸೊಬ್ಬಳು ಪೌಷ್ಟಿಕ ಪೇಯದ ಪುಡಿ ಮಾರಿ ಸಿರಿವಂತಳಾಗುವ ಆಸೆಗೆ ಬೀಳುತ್ತಾಳೆ. ಕೂಡಿಟ್ಟದ್ದನ್ನು ಸುರಿಯುತ್ತಾಳೆ, ಊರವರ ಬೆನ್ನು ಹತ್ತುತ್ತಾಳೆ. ಅವಳ ಮೇಲೆ ಸಿಟ್ಟು ಬರುತ್ತದೆ, ಕ್ಷಣದಲ್ಲೇ ಅಯ್ಯೋ ಎನ್ನಿಸುತ್ತದೆ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದ ಈ ಚಿತ್ರ ನಮ್ಮ ಚಿತ್ರಮಂದಿರಗಳಿಗೆ ಬಂದದ್ದು 2024ರ ಜೂನಿನಲ್ಲಿ.

ಮುಂದಿನ ವಾರ ನೋಡಿದರಾಯಿತೆಂದು ನಾನು ಸೋಮಾರಿತನ ಮಾಡಿದೆ. ಅಷ್ಟರಲ್ಲಿ ನಮ್ಮ ಕಡೆ ಅದು ಎಲ್ಲಿಯೂ ಇರಲಿಲ್ಲ. ಎರಡು ಬಸ್ಸು ಬದಲಾಯಿಸಿ, ಊರಿನ ಇನ್ನೊಂದು ತುದಿಯಲ್ಲಿ ಉಳಿದಿದ್ದ ಒಂದು ಆಟಕ್ಕೆ ಹೋದೆ. ಒಳಗಿದ್ದವರು ಹದಿನಾಲ್ಕು ಜನ. ದೀಪ ಹತ್ತಿದ ಮೇಲೆ ಮುಂದಿನ ಸಾಲಿನ ಹಿರಿಯರೊಬ್ಬರು ಬಾಗಿಲ ಬಳಿಯ ಹುಡುಗನನ್ನು ಕೇಳಿದರು:

"ನಾಳೆ ನಮ್ಮ ಮನೆಯವರನ್ನು ಕರಕೊಂಡು ಬರಬೇಕು. ಎಷ್ಟು ಗಂಟೆಗಪ್ಪ ಆಟ?"

"ಇವತ್ತೇ ಕಡೇದು ಸಾರ್" ಎಂದ ಹುಡುಗ.