ಎರಡಾಣೆಯ ಯಜಮಾನರು: ಡಾಕ್ಟರ್ ಮಾಧವ ಪೈಗಳ ಸ್ಮರಣೆ

(ಕೊಪ್ಪದಲ್ಲಿ ಮಾಡಿದ ಭಾಷಣ)



ಘಟ್ಟದ ಕೆಳಗಿನವರೊಬ್ಬರನ್ನು ಘಟ್ಟದ ಮೇಲೆ ಕುಳಿತು ಸ್ಮರಿಸುವುದಕ್ಕೆ ಕಾರಣವೇನೆಂದು ತಮ್ಮಲ್ಲಿ ಕೆಲವರಾದರೂ ಮನಸ್ಸಿನಲ್ಲಿ ಕೇಳಿಕೊಳ್ಳುತ್ತಿರಬಹುದು. ಡಾಕ್ಟರ್ ತೋನ್ಸೆ ಮಾಧವ ಅನಂತ ಪೈಗಳು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ನಮ್ಮ ಮೂರು ತಾಲ್ಲೂಕುಗಳಲ್ಲಿ ಯಾವುದಕ್ಕೂ ಸೇರಿದವರಲ್ಲ. ಅವರು 1898ನೆಯ ಇಸವಿ ಏಪ್ರಿಲ್ 30ರಂದು ಉಡುಪಿಗೆ ಸಮೀಪದ ಕಲ್ಯಾಣಪುರದಲ್ಲಿ ಜನಿಸಿ, ಎಂಬತ್ತೊಂದು ವರ್ಷಗಳ ತುಂಬು ಜೀವಿತವನ್ನು ನಡೆಸಿ, 1979ನೆಯ ಮೇ 29ರಂದು ದೈವಾಧೀನರಾದರು. ಆದರೆ ಶೃಂಗೇರಿಯಿಂದ ಕೆರೆಕಟ್ಟೆಯ ಮಾರ್ಗವಾಗಿ ಕಾರ್ಕಳಕ್ಕೆ ಇಳಿಯುವ ಹಾದಿಯಲ್ಲಿ ಒಂದು ಸ್ಥಳವನ್ನು ಜನರು ಇಂದಿಗೂ ‘ಎಸ್. ಕೆ. ಬಾರ್ಡರ್’ ಎಂದೇ ಕರೆಯುತ್ತಾರಷ್ಟೆ. ಸೌತ್ ಕೆನರಾ ಜಿಲ್ಲೆಯು ಮದರಾಸಿನ ಆಡಳಿತಕ್ಕೂ, ನಾವು ಮೈಸೂರು ಅರಸರ ಆಡಳಿತಕ್ಕೂ ಒಳಪಟ್ಟಿದ್ದ ಕಾಲದ ಹೆಸರದು. 1956ನೆಯ ನವೆಂಬರ್ 1ರಂದು ಆ ಗಡಿ ಅಳಿಯಿತಾದರೂ ಹೆಸರು ಮಾತ್ರ ನಾಲಗೆಯ ಮೇಲೆ ನಿಂತುಬಿಟ್ಟಿದೆ. ಆ ಸ್ಥಳವನ್ನೋ ಆಗುಂಬೆಯ ತಿರುವುಗಳನ್ನೋ ದಾಟಿ, ಮನೆಯ ರೋಗಿಯೊಬ್ಬರನ್ನು ಮಣಿಪಾಲಕ್ಕೆ ಕರೆದೊಯ್ಯದ ಸಂಸಾರಗಳು ನಮ್ಮ ಸೀಮೆಯಲ್ಲಿ ವಿರಳ. ಆ ಮಣಿಪಾಲವನ್ನು ಕಟ್ಟಿದವರ ವಿಷಯದಲ್ಲಿ ನಾಲ್ಕು ಮಾತನಾಡುವುದಕ್ಕೆ ಇಷ್ಟು ಬಾಧ್ಯತೆ ಸಾಕೆಂದು ಭಾವಿಸುತ್ತೇವೆ.

ಆಸ್ಪತ್ರೆಯ ವಿಚಾರ ತಮಗೆಲ್ಲ ತಿಳಿದುದೇ. ನಾವು ಹೇಳಬೇಕೆಂದಿರುವುದು ಅವರ ಹಣಕಾಸಿನ ಬುದ್ಧಿಯನ್ನು ಕುರಿತು. ಮದರಾಸಿನಲ್ಲಿ ವೈದ್ಯಶಾಸ್ತ್ರವನ್ನು ಓದಿ ಉಡುಪಿಗೆ ಬಂದ ಈ ತರುಣ ವೈದ್ಯರು ರೋಗಿಯ ನಾಡಿಯನ್ನು ಹಿಡಿದಾಗಲೇ ಅವನ ಚೀಲವನ್ನೂ ಕಂಡರು. ಅದು ಬರಿದಾಗಿತ್ತು. ಆಗ ಕೈಮಗ್ಗದ ಕಸಬು ಕುಸಿದು ಆ ಪ್ರಾಂತದ ನೇಕಾರರು ದಿಕ್ಕುಗಾಣದೆ ಇದ್ದರು. 1925ರಲ್ಲಿ ಅಣ್ಣಂದಿರಾದ, ವ್ಯಾಪಾರದಲ್ಲಿ ನುರಿತ ಉಪೇಂದ್ರ ಪೈಗಳು, ಎಂಜಿನಿಯರಾದ ವಾಮನ ಕುಡ್ವರು, ಈ ವೈದ್ಯರು, ಹೀಗೆ ಮೂವರು ಸೇರಿ, ಎಂಟು ಸಾವಿರ ರೂಪಾಯಿಗಳ ಮೂಲಧನದಿಂದ ಉಡುಪಿಯಲ್ಲಿ ‘ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಎಂಬುದನ್ನು ತೆರೆದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದುದು ಇದೇ.

ಬ್ಯಾಂಕು ತೆರೆಯುವುದು ಆ ಜಿಲ್ಲೆಯವರಿಗೆ ಹೊಸದಾಗಿರಲಿಲ್ಲ. ಆದರೆ 1928ರಲ್ಲಿ ಇವರು ಮಾಡಿದ ಉಪಾಯವು ಹೊಸದು. ಹಣವಿದ್ದವನು ಬ್ಯಾಂಕಿಗೆ ಬರಲಿ ಎಂದು ಕಾಯದೆ, ಹಣವಿಲ್ಲದವನ ಬಾಗಿಲಿಗೆ ಪ್ರತಿದಿನವೂ ಬ್ಯಾಂಕೇ ಹೋಯಿತು. ದಿನಕ್ಕೆ ಎರಡಾಣೆ ಕೊಟ್ಟರೆ ಸಾಕು. ಎರಡಾಣೆಯಂತೆ ವರ್ಷಪೂರ್ತಿ ಕಟ್ಟಿದರೆ ಬಡ್ಡಿಯನ್ನು ಬಿಟ್ಟು ಕೂಡುವುದು ನಲವತ್ತೈದು ರೂಪಾಯಿ ಹತ್ತಾಣೆ. ಮೀನು ಮಾರುವವಳ ಕೈಯಲ್ಲಿ ಒಂದೇ ಗಂಟಾಗಿ ನಲವತ್ತೈದು ರೂಪಾಯಿ! ಇದಕ್ಕೆ ‘ಪಿಗ್ಮಿ’ ಎಂದು ಹೆಸರಿಟ್ಟರು. ಆ ಪದದ ಮೂಲಾರ್ಥವನ್ನು ವಿಚಾರಿಸದೆ ಜನರು ಅದನ್ನು ಕನ್ನಡದ ಮಾತನ್ನಾಗಿಯೇ ಮಾಡಿಕೊಂಡುಬಿಟ್ಟರು. ‘ಪಿಗ್ಮಿ ಕಟ್ಟುತ್ತೇನೆ’ ಎಂದರೆ ನಮ್ಮ ಪೇಟೆಯಲ್ಲಿ ಅರ್ಥವಾಗದವರಿಲ್ಲ.

ಇದನ್ನು ನಮ್ಮ ಮಲೆನಾಡಿನ ಸ್ಥಿತಿಯೊಂದಿಗೆ ಹೋಲಿಸಿ ನೋಡಬೇಕು. ನಮ್ಮಲ್ಲಿ ತೋಟದವನಿಗೆ ಹಣ ಬರುವುದು ವರ್ಷಕ್ಕೊಮ್ಮೆ. ಕೊನೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಕಳುಹಿಸಿದ ಮೇಲೆ. ಅಲ್ಲಿಯವರೆಗೂ ಮದುವೆಯಾಗಲಿ, ತಿಥಿಯಾಗಲಿ, ಮಗನ ಓದಾಗಲಿ, ಮಂಡಿಯ ಸಾಹುಕಾರನ ಮುಂಗಡದಿಂದಲೇ ನಡೆಯಬೇಕು. ಮುಂಗಡ ಕೊಟ್ಟವನಿಗೆ ಬೆಲೆ ಕಟ್ಟುವ ಅಧಿಕಾರವೂ ತಾನಾಗಿ ಬರುವುದು. ನಮ್ಮ ಹಿರಿಯರ ಪೆಟ್ಟಿಗೆಗಳಲ್ಲಿ ದೇವರ ಸ್ತೋತ್ರಗಳ ಜೊತೆಗೆ ಮಂಡಿಯ ಚೀಟಿಗಳೂ ಇದ್ದುವು. 1939ರಲ್ಲಿ ಶಿವಮೊಗ್ಗೆಯಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಘವು (ಎಲ್ಲರೂ ಬಲ್ಲ ಮ್ಯಾಮ್ಕೋಸ್) ಹುಟ್ಟಿದ್ದು ಈ ಬಿಗಿಯನ್ನು ಸಡಿಲಿಸುವುದಕ್ಕೇ. ಅದು ತೋಟದ ಯಜಮಾನನಿಗಾದ ಅನುಕೂಲ. ರಾತ್ರಿಯೆಲ್ಲ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಹೆಂಗಸಿಗೆ ಕೂಲಿ ಬರುವುದು ಅಂದಂದಿಗೆ, ಹೋಗುವುದೂ ಅಂದಂದಿಗೆ. ಪೈಗಳ ಎರಡಾಣೆಯ ಲೆಕ್ಕವು ಅವಳಂಥವರಿಗಾಗಿ ಹುಟ್ಟಿದ ಲೆಕ್ಕ. ಸಾಲ ಕೊಟ್ಟು ಬಡವನನ್ನು ಉದ್ಧರಿಸುತ್ತೇವೆನ್ನುವವರು ಬಹಳ ಮಂದಿ. ಬಡವನಲ್ಲಿಯೂ ಉಳಿಸುವ ಶಕ್ತಿಯುಂಟೆಂದು ನಂಬಿ ಅವನ ಬಾಗಿಲು ತಟ್ಟಿದವರು ಕಡಮೆ.

ಮನೆಯನ್ನೂ ಅವರು ಹೀಗೆಯೇ ನಡೆಸಿದರು. ಅಣ್ಣನ ಮಕ್ಕಳು, ತಮ್ಮ ಮಕ್ಕಳು ಎಂಬ ಭೇದವಿಲ್ಲದೆ ಒಬ್ಬೊಬ್ಬರಿಗೊಂದು ಹೊರೆ ಹೊರಿಸಿದರು. ಉಪೇಂದ್ರ ಪೈಗಳ ಮಗ ಟಿ. ಎ. ಪೈಗಳು ಬ್ಯಾಂಕಿನಲ್ಲಿ ಪಳಗಿ, ಮುಂದೆ ಭಾರತದ ಆಹಾರ ನಿಗಮಕ್ಕೂ ಜೀವವಿಮಾ ನಿಗಮಕ್ಕೂ ಅಧ್ಯಕ್ಷರಾಗಿ, ಇಂದಿರಾ ಗಾಂಧಿಯವರ ಮಂತ್ರಿಮಂಡಲದಲ್ಲಿ ರೈಲ್ವೆ ಖಾತೆಯನ್ನು ನೋಡಿದರು. ಮಾಧವ ಪೈಗಳ ಮಕ್ಕಳಲ್ಲಿ ಮೋಹನದಾಸರು ‘ಉದಯವಾಣಿ’ಯನ್ನು 1970ರಲ್ಲಿ ಹೊರಡಿಸಿದವರು, ರಾಮದಾಸರು ವಿದ್ಯಾಸಂಸ್ಥೆಗಳನ್ನು ವಹಿಸಿಕೊಂಡರು. ತಂದೆಯ ಆಸ್ತಿ ಮಕ್ಕಳಿಗೆ ಜಗಳವನ್ನು ತರುವುದನ್ನು ವೃತ್ತಿಯ ದೆಸೆಯಿಂದ ದಿನವೂ ಕಾಣುವ ನಮಗೆ, ಆಸ್ತಿಗಿಂತ ಮೊದಲು ಕೆಲಸವನ್ನು ಹಂಚಿದ ಈ ಯಜಮಾನಿಕೆಯು ವಿಶೇಷವಾಗಿ ತೋರುತ್ತದೆ.

ವಕೀಲರಾದವರು ಎದುರು ಪಕ್ಷದ ವಾದವನ್ನೂ ಹೇಳಬೇಕಾದುದು ನ್ಯಾಯ. ಬಿಸಿಲು ಮಳೆಗಳಲ್ಲಿ ಬಾಗಿಲಿಂದ ಬಾಗಿಲಿಗೆ ನಡೆದು ಎರಡಾಣೆ ಕೂಡಿಸಿದ ಆ ಪಿಗ್ಮಿಯವನ ಗತಿಯೇನು? ಅವನಿಗೆ ದೊರೆತುದು ಸಂಬಳವಲ್ಲ, ಕಮಿಷನ್. ಬ್ಯಾಂಕಿಗೆ ಅವನು ನೌಕರನಲ್ಲ, ಪರಕೀಯನೂ ಅಲ್ಲ. ಈ ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2001ರಲ್ಲಿ ಅಲ್ಲಿನ ನ್ಯಾಯಮೂರ್ತಿಗಳು ಆತನೂ ಕಾನೂನಿನ ಅರ್ಥದಲ್ಲಿ ಕಾರ್ಮಿಕನೇ ಸರಿ ಎಂದು ತೀರ್ಪು ಕೊಟ್ಟರು. ಪದ್ಧತಿ ಆರಂಭವಾಗಿ ಎಪ್ಪತ್ತಮೂರು ವರ್ಷಗಳಾದ ಮೇಲೆ! ಇನ್ನೊಂದು, 1953ರಲ್ಲಿ ಸರ್ಕಾರದ ಆಶ್ರಯವಿಲ್ಲದೆ ಮಣಿಪಾಲದ ಬೋಳುಗುಡ್ಡದ ಮೇಲೆ ಪೈಗಳು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಕಟ್ಟಿದರಷ್ಟೆ. ವೆಚ್ಚವನ್ನು ಸೇರಬಂದವರಿಂದಲೇ ಪಡೆಯುವ ಆ ದಾರಿಯಲ್ಲಿ ಬೇರೆಯವರೂ ನಡೆದು, ಕಡೆಗೆ ಸೀಟಿಗೆ ಬೆಲೆ ಕಟ್ಟುವ ವ್ಯಾಪಾರವೇ ನಾಡಿನಲ್ಲಿ ಬೆಳೆದು, 1984ರಲ್ಲಿ ಅದನ್ನು ತಡೆಯಲು ಕರ್ನಾಟಕವು ಕಾಯಿದೆಯನ್ನೇ ಮಾಡಬೇಕಾಯಿತು. ಪೈಗಳ ಹೆಸರು ಇಂದು ದೇಶದ ನ್ಯಾಯಸ್ಥಾನಗಳಲ್ಲೆಲ್ಲ ಉಚ್ಚರಿಸಲ್ಪಡುವುದು ಬ್ಯಾಂಕಿನ ದೆಸೆಯಿಂದಲ್ಲ, ಖಾಸಗಿ ಕಾಲೇಜುಗಳ ಹಕ್ಕು-ಮಿತಿಗಳನ್ನು ಹನ್ನೊಂದು ಮಂದಿ ನ್ಯಾಯಮೂರ್ತಿಗಳು 2002ರಲ್ಲಿ ನಿರ್ಣಯಿಸಿದ, ಅವರ ಹೆಸರಿನ ಪ್ರತಿಷ್ಠಾನದ ಮೊಕದ್ದಮೆಯ ದೆಸೆಯಿಂದ. ಬಡವನ ಎರಡಾಣೆಯನ್ನು ಎಣಿಸಿದವರ ಹೆಸರು ಶುಲ್ಕದ ವ್ಯಾಜ್ಯಕ್ಕೆ ಅಂಟಿಕೊಂಡಿದೆಯಲ್ಲ ಎಂದು ಆ ತೀರ್ಪನ್ನು ಉದಾಹರಿಸುವಾಗಲೆಲ್ಲ ನಮಗೆ ಮನಸ್ಸು ಮುದುಡುವುದುಂಟು.

1969ರ ಜುಲೈ 19ರಂದು ಸರ್ಕಾರವು ವಶಪಡಿಸಿಕೊಂಡ ಹದಿನಾಲ್ಕು ಬ್ಯಾಂಕುಗಳಲ್ಲಿ ಸಿಂಡಿಕೇಟ್ ಬ್ಯಾಂಕೂ ಒಂದು. ತಾವು ಕಟ್ಟಿದುದು ಕೈಬಿಟ್ಟುಹೋದ ಮೇಲೆ ಪೈಗಳು ಇನ್ನೂ ಹತ್ತು ವರ್ಷ ಬದುಕಿದ್ದರು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ಲೀನವಾಗಿ ಹೆಸರೂ ಇಲ್ಲದಾಯಿತು. ಈ ದುಃಖವನ್ನು ನಾವು ಅವರಿಗಿಂತ ಮುಂಚೆಯೇ ಕಂಡವರು. ಶೃಂಗೇರಿಯ ತಾಯಿಯ ಹೆಸರಿನ ಶೃಂಗೇರಿ ಶಾರದಾ ಬ್ಯಾಂಕು 1960ರಲ್ಲಿಯೇ ಮಂಗಳೂರಿನ ಕರ್ನಾಟಕ ಬ್ಯಾಂಕಿಗೆ ಸೇರಿಹೋಯಿತು. ಗಡಿ ಅಳಿದು ನಾಲ್ಕೇ ವರ್ಷಗಳಲ್ಲಿ ಮೇಲಿನ ಹಣವೂ ಕೆಳಗಿನ ಹಣವೂ ಒಂದೇ ಪೆಟ್ಟಿಗೆಗೆ ಬಿದ್ದಿತು. ನಮ್ಮಲ್ಲಿ ಹಾಗೊಂದು ಬ್ಯಾಂಕು ಇದ್ದಿತೆಂಬುದನ್ನು ಈಗಿನ ಹುಡುಗರು ಅರಿಯರು.

ಈ ಸಭೆಗೆ ಬರುವಾಗ ನಾವು ಪೇಟೆಯಲ್ಲಿ ಒಬ್ಬಾತನನ್ನು ಕಂಡೆವು. ಹೆಗಲಲ್ಲಿ ಚೀಲ, ಕೈಯಲ್ಲಿ ರಸೀದಿ ಕೊಡುವ ಸಣ್ಣ ಯಂತ್ರ. ಯಾವ ಬ್ಯಾಂಕಿನವನೋ, ಯಾವ ಸೊಸೈಟಿಯವನೋ ಕೇಳಲಿಲ್ಲ. ಹೂವಿನವಳು ಅವನನ್ನು ದೂರದಿಂದಲೇ ಕಂಡು, ಸೆರಗಿನ ಗಂಟನ್ನು ಬಿಚ್ಚತೊಡಗಿದ್ದಳು.