ನ್ಯಾಯಪೀಠ ಬರಿದಾಗಿರುವಾಗ



ನಿಟ್ಟೆಯ ಬೀಡಿ ಕಟ್ಟುವ ಮಹಿಳೆಯೊಬ್ಬಳು ಜೀವನಾಂಶ ಕೋರಿ ಕೋರ್ಟಿನ ಮೆಟ್ಟಿಲೇರಿದಳೆಂದು ಭಾವಿಸಿ. ಅಂದಿನ ಮಜೂರಿ ಹೋಯಿತು, ಬಸ್ಸಿನ ಹಣವೂ ಹೋಯಿತು. ನ್ಯಾಯಾಧೀಶರು ರಜೆಯಲ್ಲಿದ್ದರೆ, ಅಥವಾ ಹುದ್ದೆಯೇ ಖಾಲಿಯಿದ್ದರೆ, ಅವಳಿಗೆ ದಕ್ಕುವುದು ಮುಂದಿನ ವಾಯಿದೆ ಮಾತ್ರ.

ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟೀಸು ತಲುಪಿದ 60 ದಿನಗಳೊಳಗೆ 'ಸಾಧ್ಯವಾದಷ್ಟು ಮಟ್ಟಿಗೆ' ಇತ್ಯರ್ಥಪಡಿಸಬೇಕೆಂದು 2001ರ ತಿದ್ದುಪಡಿ ವಿಧಿಸಿತು. 2024ರ ಜುಲೈಯಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದೇ ಮಾತಿದೆ. ಆ 'ಸಾಧ್ಯವಾದಷ್ಟು' ಎಷ್ಟು ವರ್ಷಗಳನ್ನು ನುಂಗಿದೆಯೋ!

ನ್ಯಾಯಾಧಿಕಾರಿಯೇ ಹಳ್ಳಿಗೆ ಬಂದು ವಿಚಾರಣೆ ನಡೆಸಬೇಕೆನ್ನುವ 2008ರ ಗ್ರಾಮ ನ್ಯಾಯಾಲಯ ಕಾಯ್ದೆ 2009ರ ಗಾಂಧಿ ಜಯಂತಿಯಂದು ಜಾರಿಗೆ ಬಂತು. ಜೀವನಾಂಶವೂ ಅದರ ವ್ಯಾಪ್ತಿಯಲ್ಲಿದೆ. ಆದರೆ ಸ್ಥಾಪನೆಯನ್ನು ರಾಜ್ಯಗಳ ಇಚ್ಛೆಗೆ ಬಿಡಲಾಯಿತು. ಕಾಯ್ದೆ ಪುಸ್ತಕದಲ್ಲೇ ಉಳಿಯಿತು ಎಂದರೂ ತಪ್ಪಾಗದು. ನಮ್ಮ ಪಂಚಾಯತ್ ಸದಸ್ಯರಲ್ಲಿ ಎಷ್ಟು ಮಂದಿ ಇದನ್ನು ಬೇಡಿ ಠರಾವು ಮಾಡಿದ್ದಾರೆ?